ಗಡಿನಾಡಿನ ಅಂಗಡಿಗೆ ಅಂತರ್ಜಾಲದಲ್ಲೊಂದು ಬಾಗಿಲು: ತಾಣ ಕಟ್ಟುವವರಿಗೆ, ಸರಕು ಮಾರುವವರಿಗೆ ಒಂದು ಕೈಪಿಡಿ

1956ರ ನವೆಂಬರ್ 1ರಂದು ರಾಜ್ಯಗಳ ಗಡಿಗೆರೆ ಎಳೆದಾಗ ನಮ್ಮ ಊರುಗಳು ಒಂದು ಕಡೆ, ನಮ್ಮ ಸಂತೆಗಳು ಇನ್ನೊಂದು ಕಡೆ ಆದವು. ಆದರೆ ವ್ಯಾಪಾರ ಗೆರೆ ನೋಡಲಿಲ್ಲ. ಕಾಸರಗೋಡಿನ ಅಡಿಕೆ ಮಂಗಳೂರಿಗೆ ಹೋಗುತ್ತಲೇ ಇತ್ತು, ತಾಳವಾಡಿಯ ತರಕಾರಿ ಚಾಮರಾಜನಗರದ ಕಡೆ ಇಳಿಯುತ್ತಲೇ ಇತ್ತು, ಸೊಲ್ಲಾಪುರದ ಚಾದರ ವಿಜಾಪುರ, ಕಲಬುರಗಿಯ ಮನೆಗಳಲ್ಲಿ ಹಾಸಿಗೆ ಸೇರುತ್ತಲೇ ಇತ್ತು. ಈಗ ಆ ವ್ಯಾಪಾರದ ಒಂದು ಪಾಲು ಅಂತರ್ಜಾಲಕ್ಕೆ ಬಂದಿದೆ. ಹೋಂಸ್ಟೇ ಇಟ್ಟವರು, ನರ್ಸರಿ ಮಾಡಿದವರು, ಒಣದ್ರಾಕ್ಷಿ ಮಾರುವವರು, ಜೀನ್ಸ್ ಹೊಲಿಯುವವರು ಎಲ್ಲರೂ 'ನಮಗೂ ಒಂದು ವೆಬ್‌ಸೈಟ್ ಬೇಕು' ಎನ್ನುತ್ತಿದ್ದಾರೆ.

ಬೇಕು ನಿಜ. ಆದರೆ ಹೇಗೆ? ಯಾವ ಭಾಷೆಯಲ್ಲಿ? ಎಷ್ಟು ಖರ್ಚಿನಲ್ಲಿ? ಗಡಿ ಆಚೆಗೆ ಪಾರ್ಸೆಲ್ ಕಳಿಸಿದರೆ ತೆರಿಗೆಯವರು ಏನೆನ್ನುತ್ತಾರೆ? ಇವನ್ನೆಲ್ಲ ಒಂದೇ ಕಡೆ ಒಟ್ಟುಮಾಡಿ ಕೊಡುವ ಪ್ರಯತ್ನ ಇದು. ಉಳಿಸಿಟ್ಟುಕೊಳ್ಳಿ, ತಾಣ ಮಾಡಿಕೊಡುವ ಹುಡುಗ ಮನೆಗೆ ಬಂದಾಗ ತೆರೆದು ನೋಡಿ.

ತಾಣಕ್ಕೆ ಮೊದಲು ಒಂದು ಕಾಗದ

ಗಣಕದ ಮುಂದೆ ಕೂರುವ ಮೊದಲು ಒಂದು ಹಾಳೆಯ ಮೇಲೆ ಮೂರು ಉತ್ತರ ಬರೆಯಿರಿ. ನನ್ನ ಗಿರಾಕಿ ಯಾರು? ಅವರು ನನ್ನ ತಾಣಕ್ಕೆ ಬಂದು ಏನು ಮಾಡಬೇಕು: ಫೋನು ಮಾಡಬೇಕೇ, ದಾರಿ ಹುಡುಕಿಕೊಂಡು ಬರಬೇಕೇ, ಅಲ್ಲೇ ದುಡ್ಡು ಕೊಟ್ಟು ಕೊಳ್ಳಬೇಕೇ? ದಿನಕ್ಕೆ ಎಷ್ಟು ಬೇಡಿಕೆ ಬಂದರೆ ನಾನು ಪೂರೈಸಬಲ್ಲೆ?

ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ವಾರಕ್ಕೆ ಇಪ್ಪತ್ತು ಕಿಲೋ ಹಪ್ಪಳ ಮಾಡುವ ಮನೆಗೆ ದೇಶವೆಲ್ಲ ತಲುಪುವ ಜಾಹೀರಾತು ಬೇಡ. ಒಂದು ಪುಟದ ತಾಣ, ಒಂದು ಫೋನ್ ನಂಬರು, ನಕ್ಷೆಯಲ್ಲಿ ಸರಿಯಾದ ಗುರುತು, ಇಷ್ಟು ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಅಂತರ್ಜಾಲಕ್ಕೂ ಸಲ್ಲುತ್ತದೆ.

ಹೆಸರು ನಿಮ್ಮದು, ಕೀಲಿಕೈಯೂ ನಿಮ್ಮದಿರಲಿ

ತಾಣದ ವಿಳಾಸಕ್ಕೆ ಡೊಮೈನ್ ಎನ್ನುತ್ತಾರೆ. ಅದು ಹೊಲದ ಪಹಣಿ ಇದ್ದ ಹಾಗೆ. ಯಾರ ಹೆಸರಲ್ಲಿ ನೋಂದಣಿಯೋ ಅವರದೇ ಒಡೆತನ. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ನಿಕ್ಸಿ ಎಂಬ ಸಂಸ್ಥೆ. ಅವು 2005ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿವೆ. ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ ವಿಳಾಸವೂ ಇದೆ. ಕನ್ನಡದ ವಿಳಾಸ ಚೆಂದ, ಆದರೆ ಫೋನಿನಲ್ಲಿ ಕನ್ನಡ ಕೀಲಿಮಣೆ ಇಲ್ಲದ ಗಿರಾಕಿಗೆ ಅದನ್ನು ಒತ್ತುವುದು ಕಷ್ಟ. ಆದ್ದರಿಂದ ಇಂಗ್ಲಿಷ್ ಅಕ್ಷರದ ವಿಳಾಸವೊಂದು ಮುಖ್ಯವಾಗಿರಲಿ, ಕನ್ನಡದ್ದು ಜೊತೆಗಿರಲಿ.

ಸಣ್ಣ ಊರುಗಳಲ್ಲಿ ಹೆಚ್ಚು ನಡೆಯುವ ಅನಾಹುತ ಎಂದರೆ, ತಾಣ ಮಾಡಿಕೊಟ್ಟವರು ಡೊಮೈನನ್ನು ತಮ್ಮದೇ ಹೆಸರಲ್ಲಿ, ತಮ್ಮದೇ ಇ-ಮೇಲಿನಲ್ಲಿ ಕೊಂಡಿರುವುದು. ಎರಡು ವರ್ಷ ಕಳೆದು ಅವರು ಫೋನ್ ಎತ್ತದಿದ್ದರೆ ತಾಣ ಅಲ್ಲಿಗೆ ಮುಗಿಯಿತು. ಬೋರ್ಡಿನ ಮೇಲೆ, ಚೀಲದ ಮೇಲೆ ಅಚ್ಚು ಹಾಕಿಸಿದ ವಿಳಾಸವೆಲ್ಲ ವ್ಯರ್ಥ. ಆದ್ದರಿಂದ ಹಣ ಕೊಡುವ ಮೊದಲೇ ಹೀಗೆ ಕೇಳಿ:

- ಡೊಮೈನ್ ನನ್ನ ಹೆಸರು, ನನ್ನ ಇ-ಮೇಲ್, ನನ್ನ ಮೊಬೈಲ್ ಮೇಲೆ ನೋಂದಣಿ ಆಗಬೇಕು.
- ಖಾತೆಯ ಪಾಸ್‌ವರ್ಡ್ ನನ್ನ ಕೈಗೆ ಬರಬೇಕು.
- ಮೊದಲ ವರ್ಷದ ದರ ಮಾತ್ರವಲ್ಲ, ನವೀಕರಣದ ದರವೂ ಗೊತ್ತಾಗಬೇಕು. ಮೊದಲ ವರ್ಷ ಅಗ್ಗ, ಎರಡನೆಯ ವರ್ಷ ದುಬಾರಿ ಎಂಬುದು ಈ ವ್ಯಾಪಾರದ ಹಳೆಯ ಪದ್ಧತಿ.
- ತಾಣದ ಬರಹ, ಚಿತ್ರಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ನನಗೆ ಸಿಗಬೇಕು.

'ಫೇಸ್‌ಬುಕ್ ಪುಟ ಇದೆಯಲ್ಲ, ಸ್ವಂತ ತಾಣ ಯಾಕೆ?' ಎಂದು ಕೇಳುವವರೂ ಇದ್ದಾರೆ. ಬಾಡಿಗೆ ಮನೆಯಲ್ಲಿ ಬಾವಿ ತೋಡಿದ ಹಾಗೆ ಅದು. ಜಿಯೋಸಿಟೀಸ್ 2009ರಲ್ಲಿ ಬಾಗಿಲು ಹಾಕಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. ಟಿಕ್‌ಟಾಕ್ 2020ರ ಜೂನ್ ಕೊನೆಯಲ್ಲಿ ನಮ್ಮ ದೇಶದಲ್ಲಿ ನಿಷೇಧವಾಯಿತು. ಗೂಗಲ್ ಅಂಗಡಿಯವರಿಗೆ ಪುಕ್ಕಟೆಯಾಗಿ ಕಟ್ಟಿಕೊಡುತ್ತಿದ್ದ ಪುಟ್ಟ ವೆಬ್‌ಸೈಟುಗಳೂ 2024ರ ಮಾರ್ಚಿನಲ್ಲಿ ನಿಂತವು. ಇವನ್ನೇ ನೆಚ್ಚಿಕೊಂಡವರು ಪ್ರತಿ ಸಲ ಮೊದಲಿಂದ ಆರಂಭಿಸಬೇಕಾಯಿತು. ಬಾಡಿಗೆ ಜಾಗದಲ್ಲಿ ಪ್ರಚಾರ ಮಾಡಿ, ಆದರೆ ಮನೆ ಸ್ವಂತದ್ದಿರಲಿ.

ಅಕ್ಷರದ ಮಾತು: ಕಾಣುವುದೇ ಬೇರೆ, ಇರುವುದೇ ಬೇರೆ

ಕನ್ನಡ ಅಂತರ್ಜಾಲಕ್ಕೆ ಬಂದು ಬಹಳ ಕಾಲವಾಯಿತು. ಡಾ. ಯು. ಬಿ. ಪವನಜ ಅವರ ವಿಶ್ವಕನ್ನಡ 1996ರಷ್ಟು ಹಿಂದೆಯೇ ಬಂದಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಲಗ್ನಪತ್ರಿಕೆ, ಕರಪತ್ರಗಳು ಹಳೆಯ ಫಾಂಟುಗಳಲ್ಲೇ ತಯಾರಾಗುವುದುಂಟು.

ತೊಂದರೆ ಇರುವುದೇ ಅಲ್ಲಿ. ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಕಡತದಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಅರ್ಥವಾಗದ ಗೀಚು ಕಾಣುತ್ತದೆ. ಗೂಗಲ್‌ಗೂ ಅದು ಗೀಚೇ. ಯುನಿಕೋಡ್‌ನಲ್ಲಿ ಹಾಗಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತಿನಲ್ಲೆಲ್ಲ ಒಂದೇ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಸಾಲು ಮೀಸಲಾಗಿದೆ. ತಾಣದಲ್ಲಿ ಹಾಕುವ ಪ್ರತಿ ಸಾಲೂ ಯುನಿಕೋಡ್‌ನಲ್ಲೇ ಇರಲಿ. ಹಳೆಯ ಬರಹವನ್ನು ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಇವೆ. ಬದಲಾಯಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಓದಿ ನೋಡಿ. ತಪ್ಪುಗಳು ನುಸುಳುವುದು ಅಲ್ಲೇ.

ಪರೀಕ್ಷೆ ಸುಲಭ. ತಾಣದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಕನ್ನಡವಾಗಿ ಬಂದರೆ ಅದು ಯುನಿಕೋಡ್. ಗೀಚಾಗಿ ಬಂದರೆ ಅಲ್ಲ. ಕಾಪಿಯೇ ಆಗದಿದ್ದರೆ ಅದು ಚಿತ್ರ.

ಚಿತ್ರದ ವಿಷಯಕ್ಕೂ ಒಂದು ಮಾತು. ಕರಪತ್ರದ ಫೋಟೋ ತೆಗೆದು ಹಾಗೇ ತಾಣಕ್ಕೆ ಏರಿಸುವ ರೂಢಿ ಬಿಡಿ. ಅದರೊಳಗಿನ ನಂಬರನ್ನು ಒತ್ತಿದರೆ ಫೋನು ಹೋಗುವುದಿಲ್ಲ, ಹುಡುಕಿದರೆ ಸಿಗುವ ಭರವಸೆಯಿಲ್ಲ, ಕಣ್ಣು ಕಾಣದವರಿಗೆ ಫೋನು ಓದಿ ಹೇಳುವುದಕ್ಕೂ ಆಗುವುದಿಲ್ಲ.

ರಾಯದುರ್ಗ, ಮಡಕಶಿರಾ, ಆದವಾನಿ ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ಕನ್ನಡ ಮತ್ತು ತೆಲುಗು ಅಕ್ಷರಗಳು ನೋಡಲು ಅಕ್ಕ-ತಂಗಿಯರ ಹಾಗಿವೆ, ಆದರೆ ಗಣಕಕ್ಕೆ ಅವು ಬೇರೆ ಬೇರೆ ಸಂಖ್ಯೆಗಳು. ಕೀಲಿಮಣೆ ತೆಲುಗಿನಲ್ಲಿದ್ದಾಗ ಒತ್ತಿದ ಒಂದೆರಡು ಅಕ್ಷರ ಕನ್ನಡ ಪದದ ನಡುವೆ ಸೇರಿಕೊಂಡರೆ ಕಣ್ಣಿಗೆ ಗೊತ್ತಾಗದು, ಹುಡುಕಾಟದಲ್ಲಿ ಮಾತ್ರ ಆ ಪದ ಸಿಗುವುದಿಲ್ಲ.

ಕನ್ನಡ ಪುಟದ ಅಂದಚೆಂದ

ಇಂಗ್ಲಿಷ್ ತಾಣದ ಅಚ್ಚಿಗೆ ಕನ್ನಡ ಸುರಿದರೆ ಅಕ್ಷರಗಳು ಉಸಿರುಗಟ್ಟುತ್ತವೆ. ಕನ್ನಡಕ್ಕೆ ಮೇಲೆ ಗುಣಿತದ ಚಿಹ್ನೆ, ಕೆಳಗೆ ಒತ್ತಕ್ಷರ, ಎರಡಕ್ಕೂ ಜಾಗ ಬೇಕು. ಕೆಲವು ಸರಳ ಸೂತ್ರಗಳು:

- ಅಕ್ಷರದ ಗಾತ್ರ 17-18 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಸಾಲಿನ ಎತ್ತರ ಅಕ್ಷರದ 1.6ರಿಂದ 1.8 ಪಟ್ಟು ಇರಲಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮುಟ್ಟುತ್ತದೆ.
- ಎರಡೂ ಅಂಚು ಸಮ ಮಾಡುವುದು ಬೇಡ. ಕನ್ನಡದ ಪದಗಳು ಉದ್ದ, ಫೋನಿನ ಸಾಲು ಗಿಡ್ಡ. ನಡುವೆ ದೊಡ್ಡ ದೊಡ್ಡ ಕಂದಕಗಳು ಬೀಳುತ್ತವೆ. ಎಡಕ್ಕೆ ಸಮ ಇದ್ದರೆ ಸಾಕು.
- ಅಕ್ಷರಗಳ ನಡುವೆ ಹೆಚ್ಚಿನ ಅಂತರ ಕೊಡಬೇಡಿ, ಓರೆ ಅಕ್ಷರ ಬಳಸಬೇಡಿ. ಒತ್ತು ಕೊಡಲು ದಪ್ಪ ಅಕ್ಷರ ಸಾಕು.
- ಫಾಂಟಿಗೆ ಹಣ ಕೊಡಬೇಕಾಗಿಲ್ಲ. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಟೈರೊ ಕನ್ನಡ ಮುಂತಾದವು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಒಂದು ತಾಣಕ್ಕೆ ಒಂದು ಫಾಂಟ್, ಹೆಚ್ಚೆಂದರೆ ಎರಡು.
- ಗುಂಡಿಗಳ ಮೇಲೆ ಕ್ರಿಯಾಪದ ಬರೆಯಿರಿ: 'ಫೋನ್ ಮಾಡಿ', 'ದಾರಿ ನೋಡಿ', 'ಬೆಲೆ ಕೇಳಿ'. 'ಇಲ್ಲಿ ಕ್ಲಿಕ್ಕಿಸಿ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.
- ಫೋನ್ ನಂಬರು, ಬೆಲೆಗಳನ್ನು ಸಾಮಾನ್ಯ ಅಂಕಿಗಳಲ್ಲೇ ಕೊಡಿ. ಕನ್ನಡ ಅಂಕಿ ನಮಗೆ ಪ್ರೀತಿಯದೇ, ಆದರೆ ಪಕ್ಕದ ರಾಜ್ಯದ ಶಾಲೆಯಲ್ಲಿ ಓದಿದ ಗಿರಾಕಿಗೆ ಗೊತ್ತಿಲ್ಲದಿರಬಹುದು.

ಓಡುವ ಬರಹ, ಮಿನುಗುವ 'ಹೊಸತು' ಚಿಹ್ನೆ, ತೆರೆದ ಕೂಡಲೇ ಶುರುವಾಗುವ ಭಕ್ತಿಗೀತೆ, ಇವೆಲ್ಲ ಒಂದು ಕಾಲಕ್ಕೆ ಶೋಕಿಯಾಗಿದ್ದವು. ಈಗ ಬಸ್ಸಿನಲ್ಲಿ ಕೂತು ನೋಡುವ ಗಿರಾಕಿ ಸದ್ದು ಕೇಳಿದೊಡನೆ ಮುಚ್ಚಿಬಿಡುತ್ತಾನೆ.

ವೆಬ್ ಬಳಕೆಯ ಅಧ್ಯಯನಕ್ಕೆ ಹೆಸರಾದ ಯಾಕೊಬ್ ನೀಲ್ಸನ್ 1997ರಲ್ಲೇ ಒಂದು ಮಾತು ಬರೆದಿದ್ದರು. ಅವರ ಪರೀಕ್ಷೆಯಲ್ಲಿ ಭಾಗವಹಿಸಿದವರಲ್ಲಿ ಶೇ. 79 ಮಂದಿ ಹೊಸ ಪುಟವನ್ನು ಓದುತ್ತಿರಲಿಲ್ಲ, ಕಣ್ಣಾಡಿಸುತ್ತಿದ್ದರು. ಪದ ಪದವಾಗಿ ಓದುತ್ತಿದ್ದವರು ಶೇ. 16 ಮಾತ್ರ. ಆದ್ದರಿಂದ ಮೊದಲ ಪರದೆಯಲ್ಲೇ ನಾಲ್ಕು ಸಂಗತಿ ಕಾಣಬೇಕು: ಏನು ಮಾರುತ್ತೀರಿ, ಯಾವ ಊರು, ಎಷ್ಟು ಬೆಲೆ, ಯಾವ ನಂಬರು. 'ನಮ್ಮ ಸಂಸ್ಥೆಯ ಇತಿಹಾಸ' ಕೆಳಗಿರಲಿ.

ತೂಕ ಇಳಿಸಿ

ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋ 3-4 ಎಂಬಿ ಇರುತ್ತದೆ. ಹೋಂಸ್ಟೇಯ ಹತ್ತು ಫೋಟೋಗಳನ್ನು ಹಾಗೇ ಏರಿಸಿದರೆ ಪುಟದ ತೂಕ 40 ಎಂಬಿ. ವೈನಾಡಿನ ಕಾಡಂಚಿನಲ್ಲಿ ಸೆಕೆಂಡಿಗೆ 1 ಮೆಗಾಬಿಟ್ ಸಿಕ್ಕಿತೆಂದಿಟ್ಟುಕೊಳ್ಳಿ. 1 ಎಂಬಿ ಎಂದರೆ 8 ಮೆಗಾಬಿಟ್, ಹಾಗಾಗಿ 40 ಎಂಬಿ ಇಳಿಯಲು 320 ಸೆಕೆಂಡು, ಅಂದರೆ ಐದು ನಿಮಿಷಕ್ಕೂ ಮೇಲೆ. ಅಷ್ಟು ಹೊತ್ತು ಯಾರು ಕಾಯುತ್ತಾರೆ?

ಅದೇ ಫೋಟೋವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ಅಥವಾ ಜೆಪೆಗ್ ರೂಪದಲ್ಲಿ ಉಳಿಸಿದರೆ ಸುಮಾರು 150 ಕೆಬಿಗೆ ಬರುತ್ತದೆ. ಹತ್ತು ಫೋಟೋ ಸೇರಿ ಒಂದೂವರೆ ಎಂಬಿ, ಹನ್ನೆರಡು ಸೆಕೆಂಡು. ಜೊತೆಗೆ 'ಕೆಳಗಿನ ಚಿತ್ರಗಳು ಅಲ್ಲಿಗೆ ಬಂದಾಗ ಮಾತ್ರ ಇಳಿಯಲಿ' ಎಂಬ ಏರ್ಪಾಡು ಮಾಡಿದರೆ ಮೊದಲ ಪರದೆ ಎರಡು ಮೂರು ಸೆಕೆಂಡಿನಲ್ಲಿ ಕಾಣುತ್ತದೆ. ಬರಹದ ತೂಕಕ್ಕೆ ಹೆದರಬೇಡಿ. ಕನ್ನಡದ ಒಂದು ಸಂಕೇತಕ್ಕೆ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ 1. ಆದರೂ ಹತ್ತು ಪುಟದಷ್ಟು ಕನ್ನಡ ಬರಹ ಒಂದು ಫೋಟೋಗಿಂತ ಹಗುರ.

ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಪುಕ್ಕಟೆ ಸಾಧನಕ್ಕೆ ನಿಮ್ಮ ವಿಳಾಸ ಕೊಟ್ಟರೆ ಪುಟ ಎಲ್ಲಿ ತಡವಾಗುತ್ತಿದೆ ಎಂದು ತೋರಿಸುತ್ತದೆ. ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಇದೆಯೇ ಎಂದೂ ನೋಡಿ. 2018ರ ಜುಲೈನಿಂದ ಕ್ರೋಮ್ ಅದಿಲ್ಲದ ತಾಣಗಳನ್ನು 'ಸುರಕ್ಷಿತವಲ್ಲ' ಎಂದು ತೋರಿಸುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದರ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತದೆ. ಇದಕ್ಕೆಂದೇ ಸಾವಿರಗಟ್ಟಲೆ ಕೇಳಿದರೆ ಕಾರಣ ಕೇಳಿ.

ಎರಡು ಭಾಷೆ, ಎರಡು ಪುಟ

ಗಡಿನಾಡಿನವರ ಹೆಚ್ಚುಗಾರಿಕೆ ಎಂದರೆ ಎರಡು ಭಾಷೆ ಬಲ್ಲ ನಾಲಿಗೆ. ಅದನ್ನು ತಾಣದಲ್ಲೂ ಬಳಸಿಕೊಳ್ಳಿ. ಆದರೆ ಒಂದೇ ಪುಟದಲ್ಲಿ ಒಂದು ಸಾಲು ಕನ್ನಡ, ಒಂದು ಸಾಲು ಮಲಯಾಳ ಹಾಕಿದರೆ ಇಬ್ಬರಿಗೂ ಓದುವುದು ಕಷ್ಟ. ಒಂದೊಂದು ಭಾಷೆಗೆ ಒಂದೊಂದು ಪುಟ ಮಾಡಿ. ಪ್ರತಿ ಪುಟದ ಒಳಸಂಕೇತದಲ್ಲಿ ಭಾಷೆ ಯಾವುದೆಂದು ನಮೂದಿಸಲು ಹೇಳಿ: ಕನ್ನಡಕ್ಕೆ ಕೆಎನ್, ಮಲಯಾಳಕ್ಕೆ ಎಂಎಲ್, ತಮಿಳಿಗೆ ಟಿಎ, ತೆಲುಗಿಗೆ ಟಿಇ, ಮರಾಠಿಗೆ ಎಂಆರ್. ಹುಡುಕುವ ಯಂತ್ರಕ್ಕೂ, ಓದಿ ಹೇಳುವ ತಂತ್ರಾಂಶಕ್ಕೂ ಇದರಿಂದ ಸಹಾಯ.

ಭಾಷೆ ಬದಲಾಯಿಸುವ ಗುಂಡಿ ಪುಟದ ಮೇಲ್ಭಾಗದಲ್ಲಿರಲಿ, ಆಯಾ ಭಾಷೆಯ ಹೆಸರು ಆಯಾ ಲಿಪಿಯಲ್ಲೇ ಇರಲಿ. ವಿದೇಶಿ ತಾಣಗಳಲ್ಲಿ ಭಾಷೆಗೆ ಬಾವುಟದ ಚಿತ್ರ ಹಾಕುತ್ತಾರೆ. ನಮಗೆ ಅದರಿಂದ ಉಪಯೋಗವಿಲ್ಲ, ಕನ್ನಡಕ್ಕೂ ಮರಾಠಿಗೂ ಬಾವುಟ ಒಂದೇ! 'ಫೋನು ಯಾವ ರಾಜ್ಯದಲ್ಲಿದೆ ಎಂದು ನೋಡಿ ತಾನೇ ಭಾಷೆ ಬದಲಿಸುತ್ತೇವೆ' ಎಂದು ತಾಣ ಮಾಡುವವರು ಹೇಳಬಹುದು. ಬೇಡ ಎನ್ನಿ. ಕಾಸರಗೋಡಿನಲ್ಲಿ ಕೂತ ಕನ್ನಡಿಗನಿಗೆ ಮಲಯಾಳ, ಅಕ್ಕಲಕೋಟೆಯ ಕನ್ನಡಿಗನಿಗೆ ಮರಾಠಿ ತೋರಿಸುವ ಜಾಣತನ ಅದು. ಆಯ್ಕೆ ಓದುಗನ ಕೈಯಲ್ಲಿರಲಿ.

ಯಂತ್ರಾನುವಾದವನ್ನು ಕಣ್ಣುಮುಚ್ಚಿ ನಂಬಬೇಡಿ. ನಮ್ಮ 'ಪಟ್ಟಿ' ಮಲಯಾಳದಲ್ಲಿ ನಾಯಿ, ನಮ್ಮ 'ಮಾಡು' ತಮಿಳಿನಲ್ಲಿ ದನ. ಯಂತ್ರ ಅರ್ಥ ಹಿಡಿಯದೆ ಪದವನ್ನು ಹಾಗೇ ದಾಟಿಸಿದರೆ ಬೆಲೆಪಟ್ಟಿ ನಗೆಪಾಟಲಾಗುತ್ತದೆ. ಯಂತ್ರದಿಂದ ಕರಡು ಮಾಡಿಸಿ, ಆ ಭಾಷೆಯನ್ನು ಮನೆಯಲ್ಲಿ ಮಾತಾಡುವ ನೆರೆಯವರಿಂದ ಓದಿಸಿ. ಊರಲ್ಲಿ ಅಂಥವರು ಸಿಗದೆ ಇರುವುದಿಲ್ಲ.

ಇನ್ನೂ ಒಂದು ವಿಚಾರ. ತಾಣದಲ್ಲಿ ಕನ್ನಡ ಪುಟವನ್ನೇ ಬಿಟ್ಟು ರಾಜ್ಯದ ಭಾಷೆ ಮತ್ತು ಇಂಗ್ಲಿಷ್ ಮಾತ್ರ ಇಟ್ಟರೆ ಖರ್ಚು ಸ್ವಲ್ಪ ಉಳಿಯುತ್ತದೆ. ಆದರೆ ಬೋರ್ಡಿನಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಕನ್ನಡಕ್ಕಾಗಿ ಮನವಿ ಕೊಡುವ ನಾವು, ಯಾರ ಅಪ್ಪಣೆಯೂ ಬೇಡದ ನಮ್ಮದೇ ಜಾಗದಲ್ಲಿ ಕನ್ನಡ ಬರೆಯದಿದ್ದರೆ ಹೇಗೆ? ಲಾಭದ ಲೆಕ್ಕದಲ್ಲೂ ಇದು ನಷ್ಟವೇ. ಮಂಗಳೂರು, ಮೈಸೂರು, ಬಳ್ಳಾರಿ, ಬೆಳಗಾವಿಯ ಗಿರಾಕಿ ನಿಮ್ಮನ್ನು ಕನ್ನಡದಲ್ಲೇ ಹುಡುಕಬಹುದು.

ಊರಿಗೆ ಎರಡು ಹೆಸರು

ಗಡಿಯ ಊರುಗಳಿಗೆ ಎರಡೆರಡು ಹೆಸರು. ನಾವು ಸೊಲ್ಲಾಪುರ ಎಂದರೆ ಅವರು ಸೋಲಾಪೂರ್ ಎನ್ನುತ್ತಾರೆ. ನಮ್ಮ ಹೊಸೂರು ತಮಿಳಿನಲ್ಲಿ ಒಸೂರ್. ಆದವಾನಿ, ಆದೋನಿ. ರಾಯದುರ್ಗ, ರಾಯದುರ್ಗಂ. ಮಂಜೇಶ್ವರ, ಮಂಜೇಶ್ವರಂ. ಉದಕಮಂಡಲ, ಊಟಿ. ಗಿರಾಕಿ ಯಾವ ಹೆಸರಿನಿಂದ ಹುಡುಕುತ್ತಾನೋ ಹೇಳಲಾಗದು. ಆದ್ದರಿಂದ ತಾಣದ ವಿಳಾಸದ ಭಾಗದಲ್ಲಿ ಎರಡೂ ರೂಪಗಳನ್ನು ಸಹಜವಾದ ವಾಕ್ಯದಲ್ಲಿ ಬರೆಯಿರಿ. ಹತ್ತಿರದ ಬಸ್‌ ನಿಲ್ದಾಣ, ರೈಲು ನಿಲ್ದಾಣ, ಕರ್ನಾಟಕದ ಕಡೆಯ ಹತ್ತಿರದ ಪೇಟೆ, ಅಲ್ಲಿಂದ ಎಷ್ಟು ಕಿಲೋಮೀಟರ್ ಎಂಬುದೂ ಇರಲಿ. ಸುಮ್ಮನೆ ಐವತ್ತು ಊರುಗಳ ಹೆಸರನ್ನು ಪುಟದ ಅಡಿಯಲ್ಲಿ ತುಂಬಿದರೆ ಹುಡುಕುವ ಯಂತ್ರ ಅದನ್ನು ಮೋಸವೆಂದೇ ಎಣಿಸುತ್ತದೆ.

ಗೂಗಲ್ ಬಿಸಿನೆಸ್ ಪ್ರೊಫೈಲ್ (2021ರವರೆಗೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿತ್ತು) ಉಚಿತ. ನಕ್ಷೆಯಲ್ಲಿ ಅಂಗಡಿ ಗುರುತಿಸಿ, ಸಮಯ, ರಜಾದಿನ, ಫೋಟೋ ಹಾಕಿ. ಮನೆ ನಂಬರು, ಬೀದಿ ಹೆಸರು ಇಲ್ಲದ ಒಂಟಿ ಮನೆಗಳಿಗೆ ಗೂಗಲ್ ನಕ್ಷೆಯಲ್ಲಿ ಪ್ಲಸ್ ಕೋಡ್ ಸಿಗುತ್ತದೆ. ಅದೊಂದು ಪುಟ್ಟ ಸಂಕೇತ, ತೋಟದೊಳಗಿನ ಮನೆಗೂ ದಾರಿ ತೋರಿಸಬಲ್ಲದು.

ಗಿರಾಕಿಗಳ ಅಭಿಪ್ರಾಯ ಕೇಳಿ, ಕೊಳ್ಳಬೇಡಿ. ಸುಳ್ಳು ವಿಮರ್ಶೆಗಳನ್ನು ಗೂಗಲ್ ನಿಷೇಧಿಸಿದೆ. ಆನ್‌ಲೈನ್ ವಿಮರ್ಶೆಗಳಿಗೆಂದೇ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನಕ ತಂದಿದೆ. ಕೆಟ್ಟ ಅಭಿಪ್ರಾಯ ಬಂದರೆ ಸಿಟ್ಟಾಗದೆ, ಏನಾಯಿತೆಂದು ಎರಡು ಸಾಲಿನಲ್ಲಿ ಮರ್ಯಾದೆಯಿಂದ ಉತ್ತರಿಸಿ. ಮುಂದಿನ ಗಿರಾಕಿ ಓದುವುದು ಆ ಉತ್ತರವನ್ನೇ.

ವಾಟ್ಸಪ್, ಎಸ್‌ಎಂಎಸ್, ಜಾಹೀರಾತು

ವಾಟ್ಸಪ್ ಬಿಸಿನೆಸ್ 2018ರಲ್ಲಿ ಬಂತು. ಅದರಲ್ಲಿ ಸರಕಿನ ಪಟ್ಟಿ, ಬೆಲೆ, ಅಂಗಡಿಯ ಸಮಯ ಹಾಕಬಹುದು. ತಾಣದ ಪ್ರತಿ ಪುಟದಲ್ಲೂ ಒತ್ತಿದರೆ ವಾಟ್ಸಪ್ ತೆರೆಯುವ ಗುಂಡಿ ಇರಲಿ. ನಂಬರಿನ ಮೊದಲಿಗೆ 91 ಸೇರಿಸುವುದು ಮರೆಯಬೇಡಿ. ಬ್ರಾಡ್‌ಕಾಸ್ಟ್ ಸಂದೇಶ ತಲುಪುವುದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. ಆದ್ದರಿಂದ ಬಿಲ್ ಕೊಡುವಾಗಲೇ 'ನಂಬರು ಸೇವ್ ಮಾಡಿಕೊಳ್ಳಿ' ಎನ್ನಿ. ಕೇಳದವರಿಗೆ ದಿನಾ 'ಶುಭೋದಯ' ಕಳಿಸಿದರೆ ಅವರು ತಡೆಹಿಡಿಯುತ್ತಾರೆ, ಹೆಚ್ಚು ಮಂದಿ ದೂರು ಕೊಟ್ಟರೆ ಖಾತೆಯೇ ಹೋಗುತ್ತದೆ.

ಎಸ್‌ಎಂಎಸ್ ಕಳಿಸುವವರು ಒಂದು ಲೆಕ್ಕ ತಿಳಿದಿರಲಿ. ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ 'ಸ್ತ್ರೀ' ಎಂಬ ಒಂದೇ ಅಕ್ಷರ ಆರು ಸಂಕೇತ ತಿನ್ನುತ್ತದೆ. ಚುಟುಕಾಗಿ ಬರೆಯಿರಿ.

ಹಣ ಕೊಟ್ಟು ಜಾಹೀರಾತು ಹಾಕುವಾಗ ಗಡಿನಾಡಿನವರು ಸೋಲುವ ಜಾಗ ಒಂದಿದೆ. 'ರಾಜ್ಯ: ಮಹಾರಾಷ್ಟ್ರ' ಎಂದು ಆರಿಸಿದರೆ ಜತ್ತದ ಅಂಗಡಿಯ ಜಾಹೀರಾತು ಮುಂಬೈಗೆ ಹೋಗುತ್ತದೆ, ಪಕ್ಕದ ವಿಜಾಪುರಕ್ಕೆ ಹೋಗುವುದಿಲ್ಲ! ರಾಜ್ಯ ಆರಿಸದೆ, ನಿಮ್ಮ ಊರನ್ನು ನಡುವಿಟ್ಟು ಇಷ್ಟು ಕಿಲೋಮೀಟರ್ ಸುತ್ತಳತೆ ಎಂದು ಕೊಡಿ. 'ಭಾಷೆ: ಕನ್ನಡ' ಎಂದು ಮಾತ್ರ ಆರಿಸುವುದೂ ಸಾಲದು, ಕನ್ನಡಿಗರಲ್ಲೂ ಫೋನನ್ನು ಇಂಗ್ಲಿಷ್‌ನಲ್ಲೇ ಇಟ್ಟುಕೊಂಡವರು ಬಹಳ ಮಂದಿ.

ಲೆಕ್ಕ ಬರೆದಿಡಿ. ಉದಾಹರಣೆಗೆ 1000 ರೂಪಾಯಿ ಜಾಹೀರಾತಿಗೆ 200 ಮಂದಿ ಒಳಬಂದರು, 10 ಮಂದಿ ಫೋನು ಮಾಡಿದರು, 2 ಮಂದಿ ಕೊಂಡರು ಎಂದಿಟ್ಟುಕೊಳ್ಳಿ. ಒಂದು ಮಾರಾಟಕ್ಕೆ 500 ರೂಪಾಯಿ ಖರ್ಚು. ನಿಮ್ಮ ಲಾಭ ಒಂದಕ್ಕೆ 120 ರೂಪಾಯಿ ಆದರೆ 380 ಕೈಬಿಟ್ಟಿತು. ಅದೇ ಗಿರಾಕಿ ವರ್ಷಕ್ಕೆ ಆರು ಸಲ ಕೊಳ್ಳುತ್ತಾನೆಂದರೆ 720 ಬಂದು 220 ಉಳಿಯಿತು. 'ಎಷ್ಟು ಲೈಕ್ ಬಂತು' ಎಂಬುದರಿಂದ ಅಕ್ಕಿ ಬೇಯುವುದಿಲ್ಲ.

ಗಡಿ ದಾಟುವ ಪಾರ್ಸೆಲ್

ಇದನ್ನು ಎರಡು ಸಲ ಓದಿ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರಪ್ರದೇಶ, ಗೋವಾಗಳಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ತೆಲಂಗಾಣದಲ್ಲಿ 20 ಲಕ್ಷ. ಆದರೆ ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಪೂರೈಸಿದರೆ ಈ ಮಿತಿ ಅನ್ವಯಿಸುವುದಿಲ್ಲ. ವಹಿವಾಟು ಎಷ್ಟೇ ಕಡಿಮೆ ಇರಲಿ, ನೋಂದಣಿ ಬೇಕು. ಕೊಚ್ಚಿಯವರೆಗೆ ಪಾರ್ಸೆಲ್ ಕಳಿಸಿದರೆ ಒಳರಾಜ್ಯ, ಕೂಗಳತೆಯ ತಲಪಾಡಿ ದಾಟಿಸಿ ಕಳಿಸಿದರೆ ಅಂತರರಾಜ್ಯ. ನೋಂದಣಿ ಇಲ್ಲದ ಸಣ್ಣ ಮಾರಾಟಗಾರರು ದೊಡ್ಡ ಮಾರಾಟ ತಾಣಗಳ ಮೂಲಕ ಸರಕು ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶವಿದೆ. ಅದೂ ತಮ್ಮ ರಾಜ್ಯದ ಒಳಗೆ ಮಾತ್ರ.

ವಿನಾಯಿತಿಗಳೂ ಇವೆ. ತಾನೇ ಬೆಳೆದ ಬೆಳೆ ಮಾರುವ ರೈತನಿಗೆ ಆ ಮಟ್ಟಿಗೆ ನೋಂದಣಿ ಬೇಡ. ಸಂಪೂರ್ಣ ತೆರಿಗೆಮುಕ್ತ ಸರಕು ಮಾತ್ರ ಮಾರುವವರಿಗೂ ಬೇಡ. ಅಧಿಸೂಚಿತ ಕರಕುಶಲ ವಸ್ತುಗಳಿಗೆ ಷರತ್ತಿನ ವಿನಾಯಿತಿ ಇದೆ. ಸೇವೆಗಳಿಗೆ ಅಂತರರಾಜ್ಯವಾದರೂ 20 ಲಕ್ಷದವರೆಗೆ ಸಡಿಲಿಕೆ ಇದೆ. ಆದರೆ ಬೆಳೆಯನ್ನು ಉಪ್ಪಿನಕಾಯಿ, ಚಿಪ್ಸ್ ಮಾಡಿ ಮಾರಿದರೆ ರೈತನ ವಿನಾಯಿತಿ ಅದಕ್ಕೆ ಒದಗುವುದಿಲ್ಲ. ತಾಣದಲ್ಲಿ 'ಎಲ್ಲ ರಾಜ್ಯಗಳಿಗೂ ಕಳಿಸುತ್ತೇವೆ' ಎಂದು ಬರೆಯುವ ಮೊದಲು ತೆರಿಗೆ ಸಲಹೆಗಾರರ ಬಳಿ ಒಂದು ಗಂಟೆ ಕೂರುವುದು ಲೇಸು.

ಆಹಾರ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು, ತಾಣದಲ್ಲೂ ತೋರಿಸಿದರೆ ಗಿರಾಕಿಗೆ ನಂಬಿಕೆ. ಪೊಟ್ಟಣಕ್ಕೆ ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಕರ ವಿಳಾಸವೂ ಬೇಕು.

ಭೌಗೋಳಿಕ ಸೂಚಕದ ಹೆಸರುಗಳ ವಿಷಯದಲ್ಲೂ ಜಾಗ್ರತೆ. ಸೊಲ್ಲಾಪುರಿ ಚಾದರ, ಕಾಸರಗೋಡು ಸೀರೆ, ವೈನಾಡಿನ ಗಂಧಕಸಾಲೆ ಮತ್ತು ಜೀರಕಸಾಲೆ ಅಕ್ಕಿ, ಸಾಂಗ್ಲಿ ಒಣದ್ರಾಕ್ಷಿ, ತಾಂಡೂರು ತೊಗರಿ ಇವೆಲ್ಲ ನೋಂದಾಯಿತ ಹೆಸರುಗಳು. ನೀವು ಅದೇ ಪ್ರದೇಶದ ನಿಜವಾದ ಉತ್ಪಾದಕರಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಿ. ಆಗ ಆ ಮುದ್ರೆ ನಿಮ್ಮ ತಾಣದ ಅತಿ ದೊಡ್ಡ ಜಾಹೀರಾತು. ಬೇರೆ ಕಡೆಯ ಸರಕಿಗೆ ಆ ಹೆಸರು ಹಚ್ಚುವುದು ಅಪರಾಧ.

ಮೋಸದ ಬಲೆ

- 'ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ' ಎನ್ನುವವರನ್ನು ನಂಬಬೇಡಿ. ಅಂಥ ಗ್ಯಾರಂಟಿ ಯಾರೂ ಕೊಡಲಾರರೆಂದು ಗೂಗಲ್ ತಾನೇ ಹೇಳಿದೆ.
- ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಲ್ಲ. 'ದೊಡ್ಡ ಆರ್ಡರ್ ಇದೆ, ಇದನ್ನು ಸ್ಕ್ಯಾನ್ ಮಾಡಿ, ಮುಂಗಡ ಬರುತ್ತದೆ' ಎಂದರೆ ಅದು ವಂಚನೆ.
- ಹಣ ಹಾಕಿದ ಸ್ಕ್ರೀನ್‌ಶಾಟ್ ನೋಡಿ ಸರಕು ಕಳಿಸಬೇಡಿ. ಬ್ಯಾಂಕ್ ಖಾತೆಯಲ್ಲಿ ಜಮಾ ಆದದ್ದು ನೋಡಿ ಕಳಿಸಿ.
- 'ನಿಮ್ಮ ಡೊಮೈನ್ ಮುಗಿಯುತ್ತಿದೆ' ಎಂದು ಬಂದ ಕೊಂಡಿ ಒತ್ತಬೇಡಿ. ನಿಮ್ಮ ಖಾತೆಗೆ ನೀವೇ ಹೋಗಿ ದಿನಾಂಕ ನೋಡಿ.
- ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಯಾವ ರಾಜ್ಯದಲ್ಲಿದ್ದರೂ ಇದೇ ಸಂಖ್ಯೆ. ಎಷ್ಟು ಬೇಗ ತಿಳಿಸಿದರೆ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ತಿಂಗಳಿಗೊಮ್ಮೆ ಅರ್ಧ ಗಂಟೆ

ತಾಣ ಕಟ್ಟಿ ಮರೆತರೆ ಹಾಳುಬಿದ್ದ ಮನೆಯಾಗುತ್ತದೆ. ತಿಂಗಳ ಮೊದಲ ದಿನ ಇಷ್ಟನ್ನು ನೋಡಿ: ಬೆಲೆ ಸರಿ ಇದೆಯೇ, ಫೋನ್ ನಂಬರು ಒತ್ತಿದರೆ ಕರೆ ಹೋಗುತ್ತದೆಯೇ, ಕೊಂಡಿಗಳು ತೆರೆಯುತ್ತವೆಯೇ, ಡೊಮೈನ್ ಯಾವಾಗ ಮುಗಿಯುತ್ತದೆ, ಜನ ಯಾವ ಪದ ಹುಡುಕಿ ಬಂದರು. ಕೊನೆಯದನ್ನು ಗೂಗಲ್‌ನ ಸರ್ಚ್ ಕನ್ಸೋಲ್ ಉಚಿತವಾಗಿ ತೋರಿಸುತ್ತದೆ. ಜನ ಹುಡುಕಿದ ಪದಕ್ಕೆ ನಿಮ್ಮಲ್ಲಿ ಉತ್ತರವಿಲ್ಲದಿದ್ದರೆ ಅದೇ ಮುಂದಿನ ಪುಟದ ವಿಷಯ. ಅಡಿಕೆ ಸಸಿ ಮಾರುವವರು 'ಸಸಿ ನೆಡುವ ಗುಂಡಿ ಎಷ್ಟು ಆಳ ಇರಬೇಕು' ಎಂದು ಕನ್ನಡದಲ್ಲಿ ಒಂದು ಪುಟ ಬರೆದರೆ, ಅದನ್ನು ಓದಲು ಬಂದ ರೈತನೇ ನಾಳೆಯ ಗಿರಾಕಿ. ಇದಕ್ಕಿಂತ ಅಗ್ಗದ ಜಾಹೀರಾತು ಇಲ್ಲ.

ಸಂತೆಯಲ್ಲಿ ನಮ್ಮ ಹಿರಿಯರು ಎರಡು ಮೂರು ಭಾಷೆಯಲ್ಲಿ ಕೂಗಿ ಕರೆದು, ತೂಕ ಸರಿ ಕೊಟ್ಟು, ಬಾಕಿ ಬರೆದಿಟ್ಟು ವ್ಯಾಪಾರ ಮಾಡಿದವರು. ಅಂತರ್ಜಾಲದ ಸಂತೆಯಲ್ಲೂ ಬೇಕಾದದ್ದು ಅದೇ: ಅರ್ಥವಾಗುವ ಮಾತು, ಸರಿಯಾದ ತೂಕ, ಬರೆದಿಟ್ಟ ಲೆಕ್ಕ. ಈ ವಾರ ಡೊಮೈನ್ ಯಾರ ಹೆಸರಲ್ಲಿದೆ ಎಂದು ನೋಡಿ, ಮುಂದಿನ ವಾರ ಫೋಟೋಗಳ ತೂಕ ಇಳಿಸಿ. ಉಳಿದದ್ದು ಒಂದೊಂದಾಗಿ ಆಗಲಿ.